ಉಳಿದದ್ದು ಎಷ್ಟು, ಯಾರಿಗೆ?

ಹಬ್ಬದ ದಿನಗಳು ಹತ್ತಿರವಾದಂತೆ ದಿನಪತ್ರಿಕೆಗಳ ಮುಖಪುಟವೇ ಮಾಯವಾಗುತ್ತದೆ. ಅದರ ಜಾಗದಲ್ಲಿ ಫ್ರಿಜ್ಜು, ವಾಷಿಂಗ್ ಮೆಷೀನು, ಮಿಕ್ಸಿ, ಟಿ.ವಿ.ಗಳು ಸಾಲಾಗಿ ನಿಂತಿರುತ್ತವೆ. ಪ್ರತಿಯೊಂದರ ಪಕ್ಕದಲ್ಲೂ ಗೀಟು ಹೊಡೆದ ಒಂದು ಬೆಲೆ, ಗೀಟಿಲ್ಲದ ಇನ್ನೊಂದು ಬೆಲೆ, ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ‘ನಿಮ್ಮ ಉಳಿತಾಯ 8,000 ರೂಪಾಯಿ’. ಮೊಬೈಲ್ ತೆರೆದರೆ ಅಲ್ಲೂ ಇದೇ ಸಾಲು. ಅಂಗಡಿಯ ಬಿಲ್ಲಿನ ಕೊನೆಗೂ ಇದೇ ಸಾಲು. ಕನ್ನಡದಲ್ಲಿ ಇಂದು ಕತೆ, ಕಾದಂಬರಿ, ಸಂಪಾದಕೀಯಗಳಿಗಿಂತ ಹೆಚ್ಚು ಜನರ ಕಣ್ಣಿಗೆ ಬೀಳುವ ಗದ್ಯ ಬಹುಶಃ ಈ ಜಾಹೀರಾತೇ ಇರಬೇಕು. ಆದರೆ ವಿಮರ್ಶಕರು ಅದನ್ನು ಲೆಕ್ಕಕ್ಕೆ ಹಿಡಿಯದ ಕಾರಣ ಅದರ ಭಾಷೆಯನ್ನು ಪ್ರಶ್ನಿಸುವವರಿಲ್ಲ. ಕತೆ ಬರೆಯುವವರಾದ ನಾವು ಈ ಬಾರಿ ಅದನ್ನೇ ವಿಮರ್ಶೆಗೆ ಎತ್ತಿಕೊಂಡಿದ್ದೇವೆ.

ಮೊದಲಿಗೆ ‘ಉಳಿತಾಯ’ ಎಂಬ ಪದ. ಉಳಿದದ್ದು ಉಳಿತಾಯ. ಅಡುಗೆಮನೆಯ ಡಬ್ಬಿಯಲ್ಲೋ, ಅಂಚೆ ಕಚೇರಿಯ ಪಾಸ್‌ಬುಕ್ಕಿನಲ್ಲೋ, ಸೆರಗಿನ ಗಂಟಿನಲ್ಲೋ ಅದು ಕಣ್ಣಿಗೆ ಕಾಣಬೇಕು. 22,000 ರೂಪಾಯಿ ಕೊಟ್ಟು ಫ್ರಿಜ್ ತಂದ ಮನೆಯಲ್ಲಿ ಆ 8,000 ಎಲ್ಲಿದೆ? ಎಲ್ಲಿಯೂ ಇಲ್ಲ. ಗೀಟು ಹೊಡೆದ 30,000ಕ್ಕೆ ಆ ಫ್ರಿಜ್ಜನ್ನು ಯಾರಾದರೂ ಎಂದಾದರೂ ಕೊಂಡಿದ್ದರೇ ಎಂದು ಕೇಳಿದರೆ ಅದಕ್ಕೂ ಉತ್ತರವಿಲ್ಲ. ಪೊಟ್ಟಣದ ಮೇಲಿನ ಗರಿಷ್ಠ ಮಾರಾಟ ಬೆಲೆಯನ್ನು ನಿಗದಿ ಮಾಡುವವರು ತಯಾರಕರೇ. ಅದಕ್ಕಿಂತ ಹೆಚ್ಚು ಕೇಳಬಾರದೆಂದು ಕಾನೂನು ಹೇಳುತ್ತದೆ, ಅಷ್ಟೆ. ಹೀಗಾಗಿ ಗೀಟಿನ ಬೆಲೆ ಎತ್ತರವಿದ್ದಷ್ಟೂ ರಿಯಾಯಿತಿ ದೊಡ್ಡದಾಗಿ ಕಾಣುತ್ತದೆ. ಖರ್ಚು ಮಾಡಿದವರ ಬೆನ್ನು ತಟ್ಟಿ, ಅವರನ್ನು ಉಳಿಸಿದವರೆಂದು ಹೊಗಳುವುದು ಈ ಗದ್ಯದ ಮೊದಲ ಚಮತ್ಕಾರ.

ಉರ್ದುವಿನ ‘ಬಚತ್’ ಎಂಬ ಪದಕ್ಕೂ ಇದೇ ಗತಿಯಾಗಿದೆ. 2025ರ ಸೆಪ್ಟೆಂಬರ್ 22ರಿಂದ ಏರ್ ಕಂಡಿಷನರ್, 32 ಇಂಚಿಗಿಂತ ದೊಡ್ಡ ಟಿ.ವಿ. ಮುಂತಾದವುಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿಯಿತು. ಕೇಂದ್ರ ಸರಕಾರ ಅದನ್ನು ‘ಬಚತ್ ಉತ್ಸವ’ ಎಂದು ಕರೆಯಿತು. ತೆರಿಗೆ ಇಳಿದದ್ದು ಒಳ್ಳೆಯದೇ. 128 ರೂಪಾಯಿ ಕೊಡಬೇಕಾದಲ್ಲಿ 118 ಕೊಟ್ಟರೆ ಸಾಕು. ಆದರೆ ಏನನ್ನೂ ಕೊಳ್ಳದೆ ಮನೆಯಲ್ಲಿ ಕೂತವರಿಗೆ ಆ ಉತ್ಸವದಲ್ಲಿ ಪಾಲಿರಲಿಲ್ಲ. ನಮ್ಮ ಹಿರಿಯ ಹೆಂಗಸರ ಮಾತಿನಲ್ಲಿ ಇನ್ನೊಂದು ಪದವಿತ್ತು, ‘ಕಿಫಾಯತ್’. ಅರಬಿ ಮೂಲದ ಈ ಪದದ ಬೇರಿನಲ್ಲಿರುವ ಅರ್ಥ ‘ಸಾಕಾಗುವುದು’. ಇದು ಜಿಪುಣತನವಲ್ಲ; ಕನ್ನಡದ ‘ಹಿತಮಿತ’ಕ್ಕೆ ಹತ್ತಿರದ್ದು. ಜಾಹೀರಾತಿನ ಬಚತ್ ಬೆಲೆಪಟ್ಟಿಯನ್ನು ನೋಡಿ ಹುಟ್ಟುತ್ತದೆ, ಕಿಫಾಯತ್ ಮನೆಯ ಅಗತ್ಯವನ್ನು ನೋಡಿ ಹುಟ್ಟುತ್ತದೆ.

ಜಾಹೀರಾತಿನ ಎರಡನೆಯ ದೋಷ ಕತೆಯ ಕಟ್ಟಿಗೆ ಸಂಬಂಧಿಸಿದ್ದು. ಮದುವೆಯಾದ ಕೂಡಲೇ ‘ಸುಖವಾಗಿದ್ದರು’ ಎಂದು ಮುಗಿದುಬಿಡುವ ಕತೆಗಳಿವೆಯಲ್ಲ, ಹಾಗೆ ಇದು ವಸ್ತುವನ್ನು ಕೊಂಡ ಕ್ಷಣದಲ್ಲಿ ಮುಗಿಯುತ್ತದೆ. ಸಂಸಾರ ಶುರುವಾಗುವುದೇ ಆಮೇಲೆ ತಾನೆ? ಸಾಮಾನ್ಯ ಸೀಲಿಂಗ್ ಫ್ಯಾನೊಂದು ಸುಮಾರು 75 ವ್ಯಾಟ್ ವಿದ್ಯುತ್ ಎಳೆಯುತ್ತದೆ. ಬಿ.ಎಲ್.ಡಿ.ಸಿ. ಮೋಟಾರಿನ ಫ್ಯಾನಿಗೆ ಸುಮಾರು 30 ವ್ಯಾಟ್ ಸಾಕು. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 16 ಯೂನಿಟ್ಟಿನ ವ್ಯತ್ಯಾಸ. ಯೂನಿಟ್ಟಿಗೆ 6 ರೂಪಾಯಿಯಂತೆ ಹಿಡಿದರೂ ವರ್ಷದಲ್ಲಿ ಸಾವಿರ ರೂಪಾಯಿಗೆ ಹತ್ತಿರ ಬಂತು. ಅಂಗಡಿಯಲ್ಲಿ ಸಾವಿರವೋ ಒಂದೂವರೆ ಸಾವಿರವೋ ಹೆಚ್ಚು ಕೊಟ್ಟದ್ದು ಒಂದೆರಡು ಬೇಸಿಗೆಗಳಲ್ಲಿ ತೀರಿಹೋಗುತ್ತದೆ. ಗೃಹಜ್ಯೋತಿಯಿಂದ ಸೊನ್ನೆ ಬಿಲ್ಲು ಬರುವ ಮನೆಗಳಿಗೆ ಇದು ಬೇಡದ ಲೆಕ್ಕವೆಂದು ತೋರಬಹುದು. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಆ ಗಡಿಯ ಆಚೀಚೆ ತೂಗಾಡುವ ಮನೆಯಲ್ಲಿ ಎರಡು ಫ್ಯಾನುಗಳ 32 ಯೂನಿಟ್ ಸಣ್ಣ ಮಾತಲ್ಲ.

ಫ್ರಿಜ್ಜಿನ ಮೇಲೆ ನಕ್ಷತ್ರಗಳ ಲೇಬಲ್ ಇರುತ್ತದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಇದನ್ನು 2006ರಲ್ಲಿ ಆರಂಭಿಸಿತು. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಅದು ಕಡ್ಡಾಯವಾಗಿದೆ. ನಾವೆಲ್ಲ ನಕ್ಷತ್ರ ಎಣಿಸಿ ಸುಮ್ಮನಾಗುತ್ತೇವೆ. ಅದರ ಕೆಳಗೆ ವರ್ಷಕ್ಕೆ ಇಷ್ಟು ಯೂನಿಟ್ ಎಂಬ ಅಂಕಿ ಇರುತ್ತದೆ, ಲೇಬಲ್ ಯಾವ ಅವಧಿಯದೆಂಬುದೂ ಇರುತ್ತದೆ. ಒಂದರ ಮೇಲೆ 180, ಇನ್ನೊಂದರ ಮೇಲೆ 260 ಎಂದಿದೆ ಎಂದುಕೊಳ್ಳೋಣ. ವರ್ಷಕ್ಕೆ 80 ಯೂನಿಟ್, ಅಂದರೆ 480 ರೂಪಾಯಿ. ಹತ್ತು ವರ್ಷಕ್ಕೆ 4,800. ಎರಡನೆಯದರ ಮೇಲೆ ಸಿಕ್ಕ 3,000 ರೂಪಾಯಿ ರಿಯಾಯಿತಿ ಆಗ ರಿಯಾಯಿತಿಯೇ ಅಲ್ಲ. ನಿಯಮಗಳು ಬಿಗಿಯಾದಂತೆ ನಿನ್ನೆಯ ಐದು ನಕ್ಷತ್ರ ಇಂದಿನ ನಾಲ್ಕಕ್ಕೋ ಮೂರಕ್ಕೋ ಸಮನಾಗುತ್ತದೆ. ಆದ್ದರಿಂದ ತೀರಾ ಅಗ್ಗಕ್ಕೆ ಸಿಗುವ ಹಳೆಯ ದಾಸ್ತಾನಿನ ಲೇಬಲ್ಲಿನ ಅವಧಿಯನ್ನು ಓದಲೇಬೇಕು. ಮುಖಪುಟದ ದಪ್ಪ ಅಕ್ಷರಕ್ಕಿಂತ ಈ ಸಣ್ಣ ಅಕ್ಷರ ಹೆಚ್ಚು ಸತ್ಯ ಹೇಳುತ್ತದೆ.

‘ಮೆಹಂಗಾ ರೋಯೇ ಏಕ್ ಬಾರ್, ಸಸ್ತಾ ರೋಯೇ ಬಾರ್ ಬಾರ್’ ಎಂಬ ಗಾದೆ ನಮ್ಮ ಮನೆಗಳಲ್ಲಿ ಓಡಾಡುತ್ತದೆ. ದುಬಾರಿಯದನ್ನು ಕೊಂಡವನು ಒಂದೇ ಸಲ ಅಳುತ್ತಾನೆ, ಅಗ್ಗದ್ದನ್ನು ಕೊಂಡವನು ಮತ್ತೆ ಮತ್ತೆ ಅಳುತ್ತಾನೆ. ಮಾತೇನೋ ನಿಜ. ಆದರೆ ಒಂದೇ ಸಲ ಅಳುವುದಕ್ಕೂ ಕೈಯಲ್ಲಿ ಹಣವಿರಬೇಕಲ್ಲ? ಬೀಡಿ ಕಟ್ಟಿ, ಟೈಲರಿಂಗ್ ಮಾಡಿ ಬದುಕುವ ಹೆಂಗಸಿಗೆ ಬಿ.ಎಲ್.ಡಿ.ಸಿ. ಫ್ಯಾನು ಒಳ್ಳೆಯದೆಂದು ಗೊತ್ತಿದ್ದರೂ ಆ ತಿಂಗಳು ಕೈಗೆಟಕುವುದು ಅಗ್ಗದ ಫ್ಯಾನೇ. ಬಡವರು ಹೆಚ್ಚು ಬೆಲೆ ಕೊಡುವುದು ತಿಳಿವಳಿಕೆಯ ಕೊರತೆಯಿಂದಲ್ಲ, ಒಂದೇ ಗಂಟಿನಲ್ಲಿ ಕೊಡುವ ಶಕ್ತಿಯಿಲ್ಲದ್ದರಿಂದ. ಉಳಿತಾಯದ ಬಗ್ಗೆ ಉಪದೇಶ ಮಾಡುವ ಲೇಖನಗಳು ಮುಚ್ಚಿಡುವ ಸತ್ಯ ಇದು.

ಆನ್‌ಲೈನ್ ಮಾರುಕಟ್ಟೆ ಈ ಅಂತರವನ್ನು ಅಳಿಸುತ್ತದೆಂದು ಬಹಳ ಜನ ನಂಬಿದ್ದರು. ಅಲ್ಲಿ ನಡೆದದ್ದೇನು? ನಿರ್ದಿಷ್ಟ ಬ್ಯಾಂಕುಗಳ ಕ್ರೆಡಿಟ್ ಕಾರ್ಡ್ ಇದ್ದವರಿಗೆ ಶೇ. 10 ತಕ್ಷಣ ಕಡಿತ. ಅದೇ ಮಿಕ್ಸಿಯನ್ನು ಬಾಗಿಲಲ್ಲಿ ನಗದು ಕೊಟ್ಟು ಪಡೆಯುವವರಿಗೆ ಪೂರ್ತಿ ಬೆಲೆ. ಸಂಬಳದ ಚೀಟಿ ತೋರಿಸಬಲ್ಲವನಿಗೆ ಕಡಿಮೆ, ದಿನಗೂಲಿಯವನಿಗೆ ಹೆಚ್ಚು. ಷೋರೂಮುಗಳೂ ಈಗ ಇದೇ ದಾರಿ ಹಿಡಿದಿವೆ. ನೋಟು ಎಣಿಸಿ ಕೊಡುವ ಗಿರಾಕಿಗೆ ಹಿಂದೆ ಅಂಗಡಿಯಲ್ಲಿ ಮರ್ಯಾದೆ ಇತ್ತು, ನಾಲ್ಕು ಕಾಸು ಬಿಡುವ ಪದ್ಧತಿ ಇತ್ತು. ಈಗ ಅವನೇ ಎಲ್ಲರಿಗಿಂತ ಹೆಚ್ಚು ಕೊಡುತ್ತಿದ್ದಾನೆ.

‘ನೋ ಕಾಸ್ಟ್ ಇ.ಎಂ.ಐ.’ ಎಂಬ ಇನ್ನೊಂದು ನುಡಿಗಟ್ಟಿದೆ. ಬಡ್ಡಿ ಬೇಡವೆನ್ನುವ ನಮ್ಮ ಎಷ್ಟೋ ಕುಟುಂಬಗಳು ಇದರಲ್ಲಿ ಬಡ್ಡಿಯಿಲ್ಲವೆಂದು ಸಮಾಧಾನಪಟ್ಟುಕೊಂಡು ಸಹಿ ಹಾಕುತ್ತವೆ. ಇದರ ಒಳಗುಟ್ಟು ಸರಳ. ಸಾಮಾನ್ಯವಾಗಿ ಬ್ಯಾಂಕು ಬಡ್ಡಿಯನ್ನು ಹಾಕಿಯೇ ಹಾಕುತ್ತದೆ; ಅಷ್ಟು ಮೊತ್ತವನ್ನು ಮಾರಾಟಗಾರ ಬೆಲೆಯಲ್ಲಿ ಕಳೆದು ತೋರಿಸುತ್ತಾನೆ. 30,000ದ ವಸ್ತುವಿಗೆ ಬಡ್ಡಿ 1,500 ಆದರೆ ಆ ಬಡ್ಡಿಯ ಮೇಲೆ ಶೇ. 18 ಜಿ.ಎಸ್.ಟಿ., ಅಂದರೆ 270 ರೂಪಾಯಿ, ನಮ್ಮ ತಲೆಗೇ ಬರುತ್ತದೆ. ಸಂಸ್ಕರಣಾ ಶುಲ್ಕ ಬೇರೆ. ಆ 1,500ರ ಕಡಿತ ನಗದಿನವನಿಗೆ ಸಿಗಬಹುದಿತ್ತೆಂಬುದನ್ನು ಯಾರೂ ಹೇಳುವುದಿಲ್ಲ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಸುತ್ತೋಲೆ ಹೊರಡಿಸಿ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಆಮೇಲೆ ಹೆಸರು ಬದಲಾಯಿತು, ಬಡ್ಡಿ ಬೇರೆ ಸಾಲಿಗೆ ಸರಿಯಿತು. ಧಾರ್ಮಿಕ ಕಾರಣಕ್ಕೆ ಬಡ್ಡಿಯನ್ನು ದೂರವಿಡುವವರೂ ಬರೀ ಲೆಕ್ಕದ ಕಾರಣಕ್ಕೆ ದೂರವಿಡುವವರೂ ಸಹಿಗೆ ಮುನ್ನ ಒಂದೇ ಕಾಗದವನ್ನು ಓದಬೇಕಾಗುತ್ತದೆ.

ಹಾಗೆಂದು ಆನ್‌ಲೈನ್ ಮೋಸ, ಅಂಗಡಿ ಸಾಚಾ ಎಂದು ತೀರ್ಪು ಕೊಡುವುದು ಅನ್ಯಾಯ. ಷೋರೂಮಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದ, ಹತ್ತಿದರೂ ಗಂಡನೋ ಮಗನೋ ಮಾತಾಡುವಾಗ ಹಿಂದೆ ನಿಲ್ಲುತ್ತಿದ್ದ ಹೆಂಗಸಿಗೆ ಮೊಬೈಲು ಒಂದು ಸ್ವಾತಂತ್ರ್ಯ ಕೊಟ್ಟಿದೆ. ಮಿಕ್ಸಿ ತಿರುಗಿಸುವವಳು ಅವಳು, ಆರಿಸುತ್ತಿದ್ದವರು ಬೇರೆಯವರು. ಈಗ ಅವಳು ರಾತ್ರಿ ಕೆಲಸ ಮುಗಿಸಿ ಕೂತು ಹತ್ತು ಮಿಕ್ಸಿಗಳ ಬೆಲೆಯನ್ನೂ, ಬಳಸಿದವರ ದೂರುಗಳನ್ನೂ ಓದಬಲ್ಲಳು. ಅವಳ ಬುರ್ಖಾ ನೋಡಿ, ಚಪ್ಪಲಿ ನೋಡಿ ಬೆಲೆ ಹೇಳುವವರು ಅಲ್ಲಿಲ್ಲ. ಎರಡು ಅಂಗಡಿಗಳಷ್ಟೇ ಇರುವ ಸಣ್ಣ ಊರುಗಳಲ್ಲಿ ವ್ಯಾಪಾರಿ ಹೇಳಿದ್ದೇ ಬೆಲೆಯಾಗಿದ್ದ ಕಾಲವೂ ಹೋಯಿತು. ಷೋರೂಮಿನಲ್ಲಿ ‘ಇದನ್ನೇ ತಗೊಳ್ಳಿ ಮೇಡಂ’ ಎನ್ನುವ ಹುಡುಗ ಎಷ್ಟೋ ಸಲ ಅಂಗಡಿಯವನಲ್ಲ, ಕಂಪನಿ ನಿಲ್ಲಿಸಿದವನು ಎಂಬುದನ್ನೂ ನಾವು ಮರೆಯಬಾರದು.

ಆದರೆ ಮೊಬೈಲಿಗೂ ಅದರದೇ ವಂಚನೆಗಳಿವೆ. ‘ಇನ್ನೆರಡೇ ಉಳಿದಿವೆ’ ಎಂಬ ಹುಸಿ ಅವಸರ, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಹಣ ಕಟ್ಟುವ ಕೊನೆಯ ಗಳಿಗೆಯಲ್ಲಿ ಹೊಸ ಶುಲ್ಕ ತೋರಿಸುವುದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ತಂತ್ರಗಳನ್ನು ಹೆಸರಿಸಿ ನಿಷೇಧಿಸಿತು. ಭಾರೀ ರಿಯಾಯಿತಿಗಳ ಹಿಂದೆ ಸ್ಪರ್ಧೆಯನ್ನೇ ಮುಗಿಸುವ ಉದ್ದೇಶವಿದೆಯೆಂದು ವ್ಯಾಪಾರಿಗಳು ದೂರಿದಾಗ ಭಾರತೀಯ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶಿಸಿತು. ಎರಡೂ ಸಂಸ್ಥೆಗಳು ಕರ್ನಾಟಕ ಹೈಕೋರ್ಟಿಗೆ ಹೋದವು. 2021ರ ಜುಲೈಯಲ್ಲಿ ವಿಭಾಗೀಯ ಪೀಠ ಅವುಗಳ ಮೇಲ್ಮನವಿಯನ್ನು ವಜಾಗೊಳಿಸಿತು. ದೂರಿನ ಸರಿತಪ್ಪು ನ್ಯಾಯ ವ್ಯವಸ್ಥೆಗೆ ಸೇರಿದ್ದು. ನಮ್ಮ ಪ್ರಶ್ನೆ ಬೇರೆ: ಬೀದಿಯ ಕೊನೆಯ ಅಂಗಡಿಯೂ ಬಾಗಿಲು ಹಾಕಿದ ಮೇಲೆ ಈ ರಿಯಾಯಿತಿ ಯಾರನ್ನು ಸೆಳೆಯುವುದಕ್ಕೆ ಇರಬೇಕು?

ಎರಡರ ನಡುವಿನ ನಿಜವಾದ ವ್ಯತ್ಯಾಸ ಬೆಲೆಯಲ್ಲಿಲ್ಲ, ಕೆಟ್ಟಾಗ ಉತ್ತರ ಕೊಡುವವರು ಯಾರು ಎಂಬುದರಲ್ಲಿದೆ. ಎಂಬತ್ತರ ದಶಕದಲ್ಲಿ ಕೊಲ್ಲಿ ರಾಷ್ಟ್ರಗಳಿಂದ ಕರಾವಳಿಯ ಮನೆಗಳಿಗೆ ಬಂದ ಟೇಪ್‌ರೆಕಾರ್ಡರು, ಮಿಕ್ಸಿಗಳಿಗೆ ಇಲ್ಲಿ ವಾರಂಟಿ ಇರಲಿಲ್ಲ. ಊರಿನ ರಿಪೇರಿಯವನೇ ವಾರಂಟಿ. ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿ ಅವನು ಇನ್ನೈದು ವರ್ಷ ಓಡಿಸುತ್ತಿದ್ದ. ಅವನ ಕೈಯಲ್ಲೂ ಆಗದಿದ್ದರೆ ಗುಜರಿಯವನು ಅದರ ತಾಮ್ರ, ಕಬ್ಬಿಣ, ಪ್ಲಾಸ್ಟಿಕ್ ಬಿಡಿಸಿ ಮತ್ತೆ ಉಪಯೋಗಕ್ಕೆ ತರುತ್ತಿದ್ದ. ಈ ಎರಡು ಕಸುಬುಗಳಿಂದ ನಮ್ಮ ಸಮುದಾಯದ ಎಷ್ಟು ಮನೆಗಳ ಒಲೆ ಉರಿದಿದೆ ಎಂಬುದು ಓದುಗರಿಗೆ ಗೊತ್ತು. ಇಂದು ಬಿಡಿಭಾಗ ಸಿಗುವುದಿಲ್ಲ, ಸರ್ಕ್ಯೂಟ್ ಬೋರ್ಡನ್ನು ಇಡಿಯಾಗಿಯೇ ಬದಲಿಸಬೇಕು, ಅದರ ಬೆಲೆ ಕೇಳಿದರೆ ಹೊಸದೇ ವಾಸಿ ಎನಿಸುತ್ತದೆ. ಆಗ ಮತ್ತೆ ಅದೇ ಮುಖಪುಟ, ಅದೇ ‘ಉಳಿತಾಯ’. ರಿಪೇರಿಯ ಹಕ್ಕಿಗಾಗಿ ಕೇಂದ್ರ ಗ್ರಾಹಕ ಇಲಾಖೆ 2022ರ ಡಿಸೆಂಬರ್‌ನಲ್ಲಿ ಪೋರ್ಟಲೊಂದನ್ನು ತೆರೆದಿದೆ. ಆದರೆ ಆ ಹಕ್ಕು ಬೀದಿಯ ರಿಪೇರಿಯವನ ಮೇಜಿನವರೆಗೆ ಇಳಿದು ಬರಬೇಕು.

ಹಾಗಾದರೆ ಮಾಡಬೇಕಾದ್ದೇನು? ಮೊಬೈಲಿನಲ್ಲಿ ಬೆಲೆ ನೋಡಿ, ಅಂಗಡಿಗೆ ಹೋಗಿ ವಸ್ತು ನೋಡಿ, ಆ ಬೆಲೆಯನ್ನು ತೋರಿಸಿ ಚೌಕಾಸಿ ಮಾಡುವುದರಲ್ಲಿ ಸಂಕೋಚ ಬೇಡ. ಐದಾರು ನೂರರ ವ್ಯತ್ಯಾಸವಿದ್ದರೆ ಕರೆದಾಗ ಬರುವ ಅಂಗಡಿಯವನೇ ಲೇಸು. ಎಲ್ಲೇ ಕೊಂಡರೂ ಬಿಲ್ಲು ಪಡೆಯಬೇಕು; ತೆರಿಗೆ ಉಳಿಸುವ ನೆಪದಲ್ಲಿ ಬಿಳಿ ಚೀಟಿ ಪಡೆದವರು ಮುಂದೆ ಏನನ್ನೂ ಸಾಬೀತು ಮಾಡಲಾರರು. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಕಾನೂನಿನ ಪ್ರಕಾರ ಮಾರಿದವನು ಎಲ್ಲೇ ಇರಲಿ, ನಾವು ನಮ್ಮ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. ಸಹಾಯವಾಣಿಯ ಸಂಖ್ಯೆ 1915.

ಕೊನೆಗೆ ಉಳಿಯುವುದು ಗಾದೆ ಎತ್ತಿದ ಪ್ರಶ್ನೆ, ಒಂದೇ ಗಂಟಿನ ಹಣ. ಇದಕ್ಕೆ ನಮ್ಮ ಬೀದಿಗಳಲ್ಲೇ ಒಂದು ಹಳೆಯ ಉತ್ತರವಿದೆ. ಒಬ್ಬರನ್ನೊಬ್ಬರು ಬಲ್ಲ ಹತ್ತು ಹೆಂಗಸರು ತಿಂಗಳಿಗೆ ಎರಡೆರಡು ಸಾವಿರ ಹಾಕುವ, ಹರಾಜಿಲ್ಲದ, ಬಡ್ಡಿಯಿಲ್ಲದ ಚೀಟಿ. ಪ್ರತಿ ತಿಂಗಳೂ ಒಬ್ಬರ ಕೈಗೆ 20,000 ಬರುತ್ತದೆ. ಅಮೀನಾಳೋ ಸರೋಜಳೋ ಆ ಹಣ ಹಿಡಿದು ಹೋದರೆ ಅಗ್ಗದ್ದಕ್ಕೆ ತೃಪ್ತಿಪಡಬೇಕಾಗಿಲ್ಲ, ಯಾವ ಬ್ಯಾಂಕಿನ ಕಾಗದಕ್ಕೂ ಸಹಿ ಹಾಕಬೇಕಾಗಿಲ್ಲ. ಇಂಥ ಚೀಟಿಗಳು ಹೆಂಗಸರ ಹರಟೆಯ ಬಾಬತ್ತೆಂದು ಗಂಡಸರು ನಗುವುದುಂಟು. ಮೊಹಲ್ಲಾದ ಜಮಾಅತ್‌ಗಳು, ಮಹಿಳಾ ಸಂಘಗಳು ಅವನ್ನು ಲೆಕ್ಕಪತ್ರದೊಂದಿಗೆ ಗಟ್ಟಿಯಾಗಿ ನಡೆಸಲು ನೆರವಾದರೆ ಆಗ ‘ನಿಮ್ಮ ಉಳಿತಾಯ’ ಎಂಬ ಸಾಲನ್ನು ಜಾಹೀರಾತಿನವರು ಬರೆಯಬೇಕಾಗಿಲ್ಲ. ಅವರವರ ಮನೆಯ ಲೆಕ್ಕದ ಪುಸ್ತಕದಲ್ಲಿ ಆ ಹೆಂಗಸರೇ ಬರೆದುಕೊಳ್ಳುತ್ತಾರೆ.