ಚಿತ್ರಕ್ಕೆ ನೋಂದಣಿ, ಅಕ್ಷರಕ್ಕೆ ಉಪೇಕ್ಷೆ

ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮವು 1972ರಲ್ಲಿ ಅಂಗೀಕೃತವಾಗಿ 1976ರ ಏಪ್ರಿಲ್ 5ರಂದು ಜಾರಿಗೆ ಬಂದಿತು. ಶಿಲ್ಪ, ಚಿತ್ರ, ನಾಣ್ಯಾದಿಗಳಿಗೆ 100 ವರ್ಷಗಳ ಪ್ರಾಚೀನತೆಯನ್ನು ವಿಧಿಸಿದ ಈ ಕಾನೂನು, ಐತಿಹಾಸಿಕ ಅಥವಾ ಸಾಹಿತ್ಯಕ ಮೌಲ್ಯವುಳ್ಳ ಹಸ್ತಪ್ರತಿಗೆ 75 ವರ್ಷಗಳೇ ಸಾಕೆಂದಿತು. ಖಾಸಗಿಯವರು ಅದನ್ನು ಪರದೇಶಕ್ಕೆ ಸಾಗಿಸುವಂತಿಲ್ಲ. ಪರವಾನಗಿಯಿಲ್ಲದೆ ಅದರ ವ್ಯಾಪಾರ ನಡೆಸುವಂತಿಲ್ಲ. ಇಷ್ಟರಮಟ್ಟಿಗೆ ಕಾನೂನು ಗ್ರಂಥದ ಪಕ್ಷದಲ್ಲಿದೆ.

ದೋಷವಿರುವುದು ನೋಂದಣಿಯ ವಿಷಯದಲ್ಲಿ. ಕಡ್ಡಾಯ ನೋಂದಣಿಗೆಂದು ಅಧಿಸೂಚನೆಯು ಹೆಸರಿಸಿದ ವರ್ಗಗಳಲ್ಲಿ ಶಿಲ್ಪಗಳೂ ವರ್ಣಚಿತ್ರಗಳೂ ಸೇರಿವೆ. ಹಸ್ತಪ್ರತಿಗಳ ಪೈಕಿ ಚಿತ್ರಾಲಂಕಾರವುಳ್ಳವು ಮಾತ್ರ ಸೇರಿವೆ. ಮೂಡಬಿದಿರೆಯ ಧವಲಾದಿ ಸಿದ್ಧಾಂತಗ್ರಂಥಗಳ ಸಚಿತ್ರ ಪ್ರತಿಗಳು ಈ ಲಕ್ಷಣಕ್ಕೆ ಒಪ್ಪುತ್ತವೆ. ಬರಿಯ ಅಕ್ಷರಗಳ ಓಲೆಗರಿಯ ಕಟ್ಟೊಂದು ಅರಕೇರಿ, ತಿಕೋಟಾ, ಬಬಲೇಶ್ವರಗಳಂತಹ ಊರಿನ ಮನೆಯ ಪೆಟ್ಟಿಗೆಯಲ್ಲಿದ್ದರೆ ಅದಕ್ಕೆ ಛಾಯಾಚಿತ್ರವೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಶ್ರುತದ ದೃಷ್ಟಿಯಿಂದ ಅಕ್ಷರವೇ ಪ್ರಧಾನ, ಚಿತ್ರವು ಅದರ ಅಲಂಕಾರ. ಕಾನೂನಿನಲ್ಲಿ ಈ ಕ್ರಮವು ತಲೆಕೆಳಗಾಗಿದೆ.

ಇದರ ಪರಿಣಾಮ ಅಲ್ಪವಲ್ಲ. ಭಾರತವು 1977ರಲ್ಲಿ ಅನುಮೋದಿಸಿದ ಯುನೆಸ್ಕೋದ 1970ರ ಒಡಂಬಡಿಕೆಯ 7ನೆಯ ವಿಧಿಯಂತೆ, ವಸ್ತುಸಂಗ್ರಹಾಲಯ ಅಥವಾ ಧಾರ್ಮಿಕ ಸ್ಮಾರಕದಿಂದ ಕಳವಾದ ವಸ್ತುವು ಆ ಸಂಸ್ಥೆಯ ಪಟ್ಟಿಯಲ್ಲಿ ದಾಖಲಾಗಿರಬೇಕು. ಪಟ್ಟಿಯಿಲ್ಲದ ಬಸದಿಯ ಹಕ್ಕು ದುರ್ಬಲ. ಮನೆಯ ಪೆಟ್ಟಿಗೆಯ ಕಟ್ಟಿಗೆ ಆ ವಿಧಿಯ ಆಸರೆಯೂ ಇಲ್ಲ.

ಹಾಗಾದರೆ ಗ್ರಂಥಸೂಚಿಯೇ ಸಾಕ್ಷ್ಯವಾಗಬೇಕು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ತಾಡಪತ್ರೀಯ ಗ್ರಂಥಸೂಚಿ 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಇಂತಹ ಕಾರ್ಯದ ಉಪಕಾರ ದೊಡ್ಡದು. ಆದರೆ ಸೂಚಿಗಳು ಸಾಮಾನ್ಯವಾಗಿ ಕೃತಿಯನ್ನು ಗುರುತಿಸುತ್ತವೆ. ನ್ಯಾಯಾಲಯವು ಕೇಳುವುದು ಪ್ರತಿಯನ್ನು. ಒಂದೇ ಕೃತಿಯ ಹತ್ತು ಪ್ರತಿಗಳಲ್ಲಿ ಕಳವಾದುದು ಯಾವುದೆಂದು ಕೃತಿನಾಮ, ಕರ್ತೃನಾಮಗಳು ಹೇಳಲಾರವು. ಗರಿಯ ಅಳತೆ, ಪಂಕ್ತಿಸಂಖ್ಯೆ, ದಾರದ ರಂಧ್ರ, ಮುರಿದ ಅಂಚು, ಲುಪ್ತವಾದ ಗರಿಗಳು, ಲಿಪಿಕಾರನ ಹಸ್ತ ಇವೆಲ್ಲವೂ ಛಾಯಾಚಿತ್ರಸಹಿತ ದಾಖಲಾಗಬೇಕು. ಪುಷ್ಪಿಕೆಯನ್ನು ಪೂರ್ಣವಾಗಿ ಎತ್ತಿಕೊಳ್ಳಬೇಕು. ಮಲ್ಲಿಕಬ್ಬೆಯು ಶ್ರೀಪಂಚಮೀವ್ರತದ ಉದ್ಯಾಪನೆಯಲ್ಲಿ ಸಿದ್ಧಾಂತಗ್ರಂಥವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳೆಂಬುದು ಅಂತಹ ಪ್ರಶಸ್ತಿಯಿಂದಲೇ ತಿಳಿದುಬರುತ್ತದೆ. ಶಾಸ್ತ್ರದಾನದ ಆ ವಾಕ್ಯವು ಒಡೆತನದ ಮೊದಲ ದಾಖಲೆ.

2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಸಮೀಕ್ಷೆಗೆ ದಾರಿ ತೆರೆಯಿತು. ಅಧಿಸೂಚನೆಯು ಅಕ್ಷರಮಾತ್ರದ ಹಸ್ತಪ್ರತಿಗಳಿಗೂ ವಿಸ್ತರಿಸುವುದು ಯುಕ್ತ. ಅಲ್ಲಿಯವರೆಗೆ ಪಟ್ಟಿಯ ಒಂದು ಪ್ರತಿ ಬಸದಿಯಲ್ಲಿ, ಇನ್ನೊಂದು ಬೇರೆಡೆಯಲ್ಲಿ ಇರುವುದು ಶ್ರುತರಕ್ಷಣೆಯ ಕನಿಷ್ಠ ಕರ್ತವ್ಯ.