‘ಫಾರ್ ದಿ ಟೈಮ್ ಬೀಯಿಂಗ್’ : 1853ರ ಹೈದರಾಬಾದು ಕರಾರಿನ ಒಂದು ಪದಪುಂಜದ ಅರ್ಥವಿಚಾರ

ವ್ಯಾಪಾರದ ಕಾಗದಪತ್ರಗಳಲ್ಲಿಯೂ ಕರಾರುಗಳಲ್ಲಿಯೂ ಮೇಲಿಂದ ಮೇಲೆ ಬರುವ ‘ಫಾರ್ ದಿ ಟೈಮ್ ಬೀಯಿಂಗ್’ ಎಂಬ ಆಂಗ್ಲ ಪದಪುಂಜಕ್ಕೆ ಎರಡು ಅರ್ಥಗಳುಂಟು. ಆಡುಮಾತಿನಲ್ಲಿ ಅದು ‘ಸದ್ಯಕ್ಕೆ’. ಕರಾರಿನಲ್ಲಿ ಅಧಿಕಾರಸ್ಥಾನವೊಂದರ ಹೆಸರಿನ ಬೆನ್ನಿಗೆ ಬಂದಾಗ ‘ಆಯಾ ಕಾಲಕ್ಕೆ ಆ ಸ್ಥಾನದಲ್ಲಿರುವ’. ಯಾದಗಿರಿಯ ಅಡತಿ ಅಂಗಡಿಯೊಂದು ಬರೆದುಕೊಟ್ಟ ಸಾಲಪತ್ರದಲ್ಲಿ, ಹೊಣೆಯು ‘ಫಾರ್ ದಿ ಟೈಮ್ ಬೀಯಿಂಗ್’ ಪಾಲುದಾರರದೆಂದು ಇದೆಯೆಂದು ಭಾವಿಸೋಣ. ಆಯಾ ಕಾಲಕ್ಕೆ ಪಾಲುದಾರರಾಗಿರುವವರು ಹೊಣೆಗಾರರೆಂಬುದು ಅದರ ಭಾವ. ‘ತಾತ್ಕಾಲಿಕ ಪಾಲುದಾರರು’ ಎಂದು ಓದಿದರೆ ಸಾಲ ಕೊಟ್ಟವನು ಯಾರನ್ನು ಹಿಡಿಯಬೇಕು?

ಇದೇ ಪದಪುಂಜವು ನಮ್ಮ ಸೀಮೆಯ ಇತಿಹಾಸದಲ್ಲಿಯೂ ಸಿಕ್ಕಿಕೊಂಡಿದೆ. ಹೈದರಾಬಾದು ಕಂಟಿಂಜೆಂಟ್ ಸೈನ್ಯದ ವೆಚ್ಚ ಬಾಕಿಯಾಗಿ ಬೆಳೆದುದರಿಂದ, 1853ರ ಮೇ 21ರ ಒಪ್ಪಂದದಂತೆ ನಿಜಾಮನು ಬೇರಾರ್, ರಾಯಚೂರು ದೋಆಬ್ ಮತ್ತು ಧಾರಾಶಿವದ ಕಡೆಯ ಸೀಮೆಗಳನ್ನು ಕಂಪನಿಯ ಆಡಳಿತಕ್ಕೆ ಒಪ್ಪಿಸಿದನು. ಇವುಗಳ ಒಟ್ಟು ವಾರ್ಷಿಕ ಹುಟ್ಟುವಳಿ ಸುಮಾರು 50 ಲಕ್ಷ ರೂಪಾಯಿ. ಸುರಪುರದಲ್ಲಿ 1841ರಿಂದ ಇದ್ದ ಮೆಡೋಸ್ ಟೇಲರನು ಆ ವರ್ಷವೇ ಹೊಸದಾಗಿ ಬಂದ ನಳದುರ್ಗದ ಸೀಮೆಗೆ ಹೋದನು. ಒಪ್ಪಂದದ 6ನೆಯ ಕಲಮಿನಲ್ಲಿ ಈ ಸೀಮೆಗಳನ್ನು ಹೈದರಾಬಾದಿನ ‘ಬ್ರಿಟಿಷ್ ರೆಸಿಡೆಂಟ್ ಫಾರ್ ದಿ ಟೈಮ್ ಬೀಯಿಂಗ್’ ಅವರ ಆಡಳಿತಕ್ಕೆ ಒಪ್ಪಿಸಿದೆಯೆಂಬ ಮಾತಿದೆ. ಇದನ್ನು ‘ತಾತ್ಕಾಲಿಕವಾಗಿ ಒಪ್ಪಿಸಲಾಯಿತು’ ಎಂದು ತಿಳಿಯುವವರುಂಟು. ತರಗತಿಯಲ್ಲಿ ನಾವೂ ಅವಸರದಲ್ಲಿ ಹಾಗೆಯೇ ಹೇಳಿಬಿಡುವುದುಂಟು.

ಈ ಅನ್ವಯವು ನನಗೆ ಒಪ್ಪಿಗೆಯಾಗಲಿಲ್ಲ. ಪದಪುಂಜವು ನಿಂತಿರುವುದು ‘ರೆಸಿಡೆಂಟ್’ ಎಂಬುದರ ಮಗ್ಗುಲಲ್ಲಿ. ‘ಒಪ್ಪಿಸು’ ಎಂಬ ಕ್ರಿಯೆಯ ಬಳಿಯಲ್ಲಲ್ಲ. ಅದೇ ಕಲಮಿನ ಮುಂದಿನ ಮಾತು, ಕಾಲಕಾಲಕ್ಕೆ ನೇಮಕವಾಗುವ ಕೈಕೆಳಗಿನ ಅಧಿಕಾರಿಗಳನ್ನು ಕುರಿತದ್ದು. ವ್ಯಕ್ತಿ ಬದಲಾದರೂ ಅಧಿಕಾರ ಮುಂದುವರಿಯಬೇಕೆಂಬುದೇ ಉದ್ದೇಶ. 1853ರಲ್ಲಿ ಕರ್ನಲ್ ಲೋ ರೆಸಿಡೆಂಟನಾಗಿದ್ದನು, 1860ರಲ್ಲಿ ಡೇವಿಡ್ಸನ್. ಅದಕ್ಕಾಗಿ ಹೊಸ ಕರಾರೇನೂ ಬೇಕಾಗಲಿಲ್ಲ. ನಮ್ಮ ಶಾಸನಗಳ ಕನ್ನಡದಲ್ಲಿ ಬಳಕೆಯಾಗುವ ‘ತತ್ಕಾಲದಲ್ಲಿ’ ಎಂಬ ರೂಪ ಇಲ್ಲಿಗೆ ಸರಿಹೋಗುತ್ತದೆ. ‘ತತ್ಕಾಲದಲ್ಲಿರುವ ರೆಸಿಡೆಂಟ್’ ಬೇರೆ, ‘ತಾತ್ಕಾಲಿಕ ರೆಸಿಡೆಂಟ್’ ಬೇರೆ.

ಹಾಗಾದರೆ ಸೀಮೆಗಳು ಶಾಶ್ವತವಾಗಿ ಕೈಬಿಟ್ಟುಹೋದವೇ? ಅದೂ ಸಲ್ಲದು. ವರ್ಷಂಪ್ರತಿ ಲೆಕ್ಕ ಒಪ್ಪಿಸಿ, ಉಳಿದ ಹಣವನ್ನು ನಿಜಾಮನಿಗೆ ಸಲ್ಲಿಸಬೇಕೆಂಬ ಷರತ್ತು 1853ರ ಒಪ್ಪಂದದಲ್ಲಿಯೇ ಇದೆ. ಕೊಂಡವನು ಮಾರಿದವನಿಗೆ ಲೆಕ್ಕ ಕೊಡುವನೇ? ನಿಜಾಮನ ಪಕ್ಷದ ನಿಜವಾದ ಬಲ ಈ ಷರತ್ತಿನಲ್ಲಿದೆ. ಅದನ್ನು ಬಿಟ್ಟು ನಾಲ್ಕು ಪದಗಳ ಮೇಲೆ ವಾದ ಕಟ್ಟುವುದು, ಗಟ್ಟಿ ನೆಲ ಬಿಟ್ಟು ಉಸುಕಿನಲ್ಲಿ ಗೋಡೆ ಎಬ್ಬಿಸಿದಂತೆ. 1860ರಲ್ಲಿ ರಾಯಚೂರು ದೋಆಬ್, ಧಾರಾಶಿವಗಳು ನಿಜಾಮನಿಗೆ ಮರಳಿದವು. ಬೇರಾರ್ ಮಾತ್ರ ಮರಳಲಿಲ್ಲ. ಸಾಲಾರ್ ಜಂಗನ ಪ್ರಯತ್ನಗಳು ಫಲಿಸಲಿಲ್ಲ. 1902ರಲ್ಲಿ ಕರ್ಜನನು ವಾರ್ಷಿಕ 25 ಲಕ್ಷ ರೂಪಾಯಿಗೆ ಅದನ್ನು ಶಾಶ್ವತ ಗುತ್ತಿಗೆಯಾಗಿ ಪಡೆದನು. ‘ಶಾಶ್ವತ’ ಎಂಬ ಶಬ್ದವನ್ನು ಆಗ ಹೊಸದಾಗಿ ಬರೆಯಿಸಿಕೊಳ್ಳಬೇಕಾಯಿತೆಂಬುದು ಗಮನಾರ್ಹ.

ಸುರಪುರದ ಮಾತು ಬೇರೆ. 1858ರ ಬಂಡಾಯದ ತರುವಾಯ ಆ ಸಂಸ್ಥಾನವು ಇಂಗ್ಲಿಷರ ವಶವಾಗಿತ್ತು. 1860ರ ಒಪ್ಪಂದವು ಅದನ್ನು ಪೂರ್ಣ ಪ್ರಭುತ್ವಸಹಿತವಾಗಿ ನಿಜಾಮನಿಗೆ ಬಿಟ್ಟುಕೊಟ್ಟಿತು. ಅಲ್ಲಿ ಬಳಸಿದ ಕ್ರಿಯಾಪದ 1853ರ ‘ಅಸೈನ್’ ಅಲ್ಲ, ‘ಸೀಡ್’.