ರಾಮನ ಕಡೆ ತಿರುಗದ ಕ್ಯಾಮೆರಾ

ಪುಟ್ಟಣ್ಣ ಕಣಗಾಲರ ‘ಶರಪಂಜರ’ (1971) ಎಂದರೆ ಕಾವೇರಿ, ಕಾವೇರಿ ಎಂದರೆ ಕಲ್ಪನಾ. ಹುಚ್ಚಿ ಎಂಬ ಹಣೆಪಟ್ಟಿ ಹೊತ್ತ ಹೆಣ್ಣಿನ ದುರಂತವೆಂದೇ ಅದನ್ನು ನೋಡುತ್ತ ಬಂದಿದ್ದೇವೆ. ಆ ನೋಟ ತಪ್ಪಲ್ಲ. ಆದರೆ ದಾಂಪತ್ಯದ ಚಿತ್ರವೆಂದುಕೊಂಡು ನೋಡಿದರೆ ಕಣ್ಣು ಗಂಡ ಸತೀಶನ ಮೇಲೆ ನಿಲ್ಲುತ್ತದೆ.

ಮೊದಲರ್ಧದ ಸುಖ ಸುಳ್ಳಲ್ಲ. ಬೇಂದ್ರೆಯವರ ಕವಿತೆಗೆ ವಿಜಯಭಾಸ್ಕರ್ ಹಾಕಿದ ರಾಗದಲ್ಲಿ ಇಬ್ಬರೂ ನಲಿಯುವಾಗ ಈ ಜೋಡಿಗೆ ಯಾವುದಕ್ಕೂ ಕೊರತೆಯಿಲ್ಲ ಅನ್ನಿಸುತ್ತದೆ. ಕೊರತೆಯಿರಲಿಲ್ಲ, ಪರೀಕ್ಷೆಯೂ ಆಗಿರಲಿಲ್ಲ. ಎರಡನೇ ಹೆರಿಗೆಯ ನಂತರ ಕಾವೇರಿಯ ಮನಸ್ಸು ಕದಡುತ್ತದೆ, ಮದುವೆಗೆ ಮುಂಚಿನ ಕತೆಯೊಂದು ಹೊರಬೀಳುತ್ತದೆ. ಗುಣವಾಗಿ ಮನೆಗೆ ಮರಳಿದವಳನ್ನು ಸತೀಶ ದೂರವೇ ಇಡುತ್ತಾನೆ.

ಗಂಡನಿಗೆ ಅಷ್ಟು ಆತುಕೊಂಡದ್ದೇ ಅವಳ ತಪ್ಪು, ಸ್ವಂತದ್ದೊಂದು ಲೋಕ ಇರಬೇಕಿತ್ತು ಎಂದು ಇವತ್ತಿನವರು ಹೇಳಿಯಾರು. ನನಗೆ ಒಪ್ಪಿಗೆಯಿಲ್ಲ. ಸುತ್ತಲಿನವರ ಅನುಮಾನದ ನಡುವೆಯೂ ಮತ್ತೆ ಬದುಕು ಕಟ್ಟಲು ಹೊರಟವಳು ಅವಳೇ. ಹೆಂಡತಿ ತಾನೆಣಿಸಿದಂತೆ ಇದ್ದಷ್ಟು ದಿನ ಮಾತ್ರ ನೆಟ್ಟಗೆ ನಿಲ್ಲಬಲ್ಲವನು ಸತೀಶ. ಯಾರು ಯಾರನ್ನು ಅವಲಂಬಿಸಿದ್ದರು?

ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಪ್ರಕಾರ ಭಾವನಾತ್ಮಕ ಪ್ರೌಢಿಮೆಯೆಂದರೆ ಸಂಬಂಧದೊಳಗಿದ್ದೂ ತಾನು ತಾನಾಗಿ ಉಳಿಯುವುದು. ದೂರ ಸರಿದವನು ಸ್ವತಂತ್ರನೇನಲ್ಲ. ಇಬ್ಬರ ನಡುವಿನ ಕಳವಳ ತಾಳಲಾಗದಾಗ ಮೂರನೆಯವರು ಒಳಗೆ ಬರುತ್ತಾರೆ ಎಂದೂ ಬೋವೆನ್ ಹೇಳುತ್ತಾರೆ. ಸತೀಶನ ಕತೆಯಲ್ಲಿ ಎರಡೂ ಇವೆ: ಮನೆಯಲ್ಲಿ ದೂರ, ಕಚೇರಿಯಲ್ಲಿ ಇನ್ನೊಬ್ಬಳು.

ಚಿತ್ರ ಎಡವುವುದು ಇಲ್ಲೇ. ಆ ಸಂಬಂಧ ಬಯಲಾದೊಡನೆ ಸತೀಶ ಬರೀ ಮೋಸಗಾರ. ಮೋಸಗಾರನನ್ನು ಬೈದು ಎದ್ದು ಬರುವುದು ಸುಲಭ. ನೋಡಲು ಬಂದ ಗಂಡಂದಿರಿಗೂ ನಿರಾಳ! ಅವನನ್ನು ಕಾಡಿದ್ದು ಏನು? ಹಳೆಯ ಕತೆಯ ಹೊಟ್ಟೆಕಿಚ್ಚೋ, ಕಾಯಿಲೆಯ ಭಯವೋ, ನೆಂಟರ ಬಾಯೋ? ಚಿತ್ರ ನಿಂತು ಕೇಳುವುದಿಲ್ಲ. ವನವಾಸದಿಂದ ಮರಳಿದ ಸೀತೆಯ ಹಾಡನ್ನು ಇಟ್ಟ ಪುಟ್ಟಣ್ಣ, ರಾಮನ ಕಡೆ ಕ್ಯಾಮೆರಾ ತಿರುಗಿಸಲಿಲ್ಲ. ತ್ರಿವೇಣಿಯವರಂಥ ಮನಃಶಾಸ್ತ್ರ ಓದಿದ ಲೇಖಕಿಯ ಕಾದಂಬರಿ ಕೈಯಲ್ಲಿದ್ದೂ ಹೀಗಾಯಿತು.

ಕೊನೆಯ ಅಬ್ಬರದ ದೃಶ್ಯಕ್ಕೆ ಜನ ಚಪ್ಪಾಳೆ ತಟ್ಟಿದರು. ನನಗೆ ಕಲ್ಪನಾ ದೊಡ್ಡ ನಟಿಯಾಗಿ ಕಾಣುವುದು ಅದಕ್ಕೂ ಮೊದಲು, ಜನ ತನ್ನನ್ನು ಹೇಗೆ ನೋಡುತ್ತಿದ್ದಾರೆಂದು ಕಾವೇರಿಗೆ ಅರಿವಾಗುವ ಗಳಿಗೆಗಳಲ್ಲಿ. ಸತೀಶನಾಗಿ ನಟಿಸಿದ ಗಂಗಾಧರ್‌ಗೆ ಚಿತ್ರಕಥೆ ಅಂಥ ಗಳಿಗೆಗಳನ್ನು ಕೊಡಲಿಲ್ಲ.